ಹಿತ್ತಲಿನಲ್ಲಿ ಇನ್ನೊಂದು ಒಲೆ

ಸ್ಯಾನ್ ಹೋಸೆಯ ಪೂರ್ವ ಭಾಗದ ಈ ಬೀದಿಯಲ್ಲಿ ನಿಂತು ನೋಡಿದರೆ ಹೊಸ ಮನೆಯ ಸುಳಿವೇ ಸಿಗುವುದಿಲ್ಲ. ಗ್ಯಾರೇಜಿನ ಪಕ್ಕದ ಮರದ ಗೇಟು ತೆರೆದು, ಕಸದ ಡಬ್ಬಿಗಳನ್ನು ದಾಟಿ ಹಿತ್ತಲಿಗೆ ಹೋಗಬೇಕು. ನಿಂಬೆ ಗಿಡದ ಆಚೆಗೆ ಬೂದು ಬಣ್ಣದ ಪುಟ್ಟ ಮನೆ ನಿಂತಿದೆ. ಹಿಂಬದಿಯ ಬೇಲಿಗೂ ಗೋಡೆಗೂ ನಡುವೆ ನಾಲ್ಕೇ ಅಡಿ ಜಾಗ. ಅಷ್ಟು ಬಿಟ್ಟರೆ ಕಾನೂನಿಗೆ ಸಾಕು.

ಇಲ್ಲಿನವರು ‘ಎಡಿಯು’ ಅನ್ನುವ ಇದು ನಮ್ಮ ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳ ಔಟ್‌ಹೌಸಿನ ಜಾತಿಯದೇ. ಕ್ಯಾಲಿಫೋರ್ನಿಯಾದ ಬಹುತೇಕ ಊರುಗಳು ಒಂದು ನಿವೇಶನಕ್ಕೆ ಒಂದೇ ಮನೆ ಎಂದು ದಶಕಗಳ ಕಾಲ ಹಟ ಹಿಡಿದಿದ್ದವು. ಮನೆಗಳ ಬೆಲೆ ಕೈಗೆಟುಕದ ಹಾಗಾದಾಗ ರಾಜ್ಯವೇ ನಡುವೆ ಬಂತು. 2017ರಲ್ಲಿ ಜಾರಿಯಾದ ಕಾನೂನುಗಳು ಬಾಗಿಲು ತೆರೆದವು, 2020ರವು ಅಗುಳಿಯನ್ನೇ ಕಿತ್ತುಹಾಕಿದವು. ಅರ್ಜಿ ಪೂರ್ತಿಯಾಗಿದ್ದರೆ ನಗರದ ಕಚೇರಿ 60 ದಿನದೊಳಗೆ ತೀರ್ಮಾನ ಹೇಳಬೇಕು. ಸಾರ್ವಜನಿಕ ವಿಚಾರಣೆ ಇಲ್ಲ, ನೆರೆಯವರ ತಕರಾರಿಗೆ ಎಡೆಯಿಲ್ಲ.

ಮನೆಯ ಯಜಮಾನರು ಹಾಸನದ ಕಡೆಯವರು, ಸಾಫ್ಟ್‌ವೇರ್ ಉದ್ಯೋಗಿ. ಅಪ್ಪ ಅಮ್ಮನಿಗೆಂದು ಕಟ್ಟಿಸಿದ್ದಾರೆ. ಅಳತೆ ಕೇಳಿದರೆ “749 ಚದರ ಅಡಿ” ಅಂದರು, ನಕ್ಕರು. 750ಕ್ಕೆ ಕಡಿಮೆಯಿದ್ದರೆ ಉದ್ಯಾನ, ರಸ್ತೆಗಳ ಹೆಸರಿನಲ್ಲಿ ಹಾಕುವ ಶುಲ್ಕದಿಂದ ವಿನಾಯಿತಿ. ಆ ಒಂದು ಅಡಿ ಉಳಿಸಿದ್ದು ಜಾಣತನವೇ. ಹಾಗಿದ್ದೂ ಖರ್ಚು ಮೂರು ಲಕ್ಷ ಡಾಲರಿನ ಹತ್ತಿರ ಹೋಯಿತಂತೆ. ಗೋಡೆ ಬಡಿದರೆ ಟೊಳ್ಳು ಸದ್ದು: ಒಳಗಿರುವುದು ಮರದ ಚೌಕಟ್ಟು. ದುಡ್ಡು ಹೋಗಿರುವುದು ಕಣ್ಣಿಗೆ ಕಾಣದ ಕಡೆ. ಫೋನಿನಲ್ಲಿ ಚಿತ್ರ ತೋರಿಸಿದರು. ಒಳಚರಂಡಿ ಸೇರಿಸಲು ಹಿತ್ತಲಿನ ಉದ್ದಕ್ಕೂ ತೋಡಿದ ಕಂದಕ, ಅದರ ಪಕ್ಕದಲ್ಲಿ ಹೊಸ ವಿದ್ಯುತ್ ಪ್ಯಾನೆಲ್ಲು. ತಪಾಸಣೆಯವರು ಬಂದು ನೋಡಿ ಸೈ ಅನ್ನುವ ತನಕ ಗುಂಡಿಯನ್ನೂ ಮುಚ್ಚುವಂತಿಲ್ಲ, ಗೋಡೆಯನ್ನೂ ಮುಚ್ಚುವಂತಿಲ್ಲ.

ಬಾಗಿಲ ಬಳಿ ಮೆಟ್ಟಿಲಿಲ್ಲ, ಹೊಸ್ತಿಲೂ ಇಲ್ಲ. ಅಪ್ಪನ ಮಂಡಿನೋವಿಗೆ ಅನುಕೂಲವಾಗಲೆಂದು ನೆಲವನ್ನು ಅಂಗಳದ ಮಟ್ಟಕ್ಕೇ ತಂದಿದ್ದಾರೆ. ಬಾಗಿಲ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗೆ ಅಮ್ಮ ಅರಿಶಿನ ಕುಂಕುಮ ಹಚ್ಚಿದ್ದರು. ಸ್ನಾನದ ಮನೆಯಲ್ಲೂ ಎಡವುವ ಕಟ್ಟೆಯಿಲ್ಲ, ಗೋಡೆಗೆ ಹಿಡಿಕೆಗಳಿವೆ. ಮಲಗುವ ಕೋಣೆಯಲ್ಲಿ ಹೇಳುವಂಥದ್ದೇನೂ ಇಲ್ಲ.

ಅಡುಗೆಮನೆಯ ಮಾತು ಬೇರೆ. ಒಲೆ, ಬಚ್ಚಲು, ತನ್ನದೇ ಬಾಗಿಲು ಇದ್ದರೆ ಮಾತ್ರ ಕಾನೂನು ಇದನ್ನು ಮನೆ ಅನ್ನುತ್ತದೆ. ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಪಾಲಾದ ಲೆಕ್ಕ, ಊರಿಗೆಲ್ಲ ಸುದ್ದಿ. ಇಲ್ಲಿ ಅತ್ತೆ ಸೊಸೆ ಇಬ್ಬರೂ ಎರಡು ಒಲೆಯನ್ನು ಖುಷಿಯಿಂದ ಒಪ್ಪಿದ್ದಾರೆ. “ದೊಡ್ಡ ಮನೇಲಿ ಒಗ್ಗರಣೆ ಹಾಕಿದ್ರೆ ಸಾಕು, ಹೊಗೆ ಗಂಟೆ ಕೂಗ್ತಿತ್ತು ಕಣಪ್ಪ” ಎಂದರು ಅಮ್ಮ. ಅಲ್ಲಿಯ ಫ್ಯಾನು ಹೊಗೆಯನ್ನು ಸೋಸಿ ಮತ್ತೆ ಒಳಗೇ ಬಿಡುವಂಥದ್ದು. ಇಲ್ಲಿಯದು ಕೊಳವೆಯ ಮೂಲಕ ಹೊರಕ್ಕೆ ತಳ್ಳುತ್ತದೆ. ಮೆಣಸಿನಕಾಯಿ ಘಾಟು ಈಗ ನಿಂಬೆ ಗಿಡದ ಪಾಲು.

ಆದರೆ ಒಲೆ ಇಂಡಕ್ಷನ್ನು. ಊರಿನಿಂದ ಹೊತ್ತು ತಂದ ಅಲ್ಯೂಮಿನಿಯಂ ಬಾಣಲೆ, ಹಿತ್ತಾಳೆ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ. ಅಯಸ್ಕಾಂತ ಅಂಟುವ ತಳ ಬೇಕು. ಅವರ ಮಿಕ್ಸಿಗೆ 230 ವೋಲ್ಟ್ ಬೇಕು, ಇಲ್ಲಿಯ ಪ್ಲಗ್ಗು ಕೊಡುವುದು 120. ಇಷ್ಟೆಲ್ಲ ಯೋಚಿಸಿ ಕಟ್ಟಿಸಿದವರು ಅಡುಗೆ ಮಾಡುವವರನ್ನೇ ಒಂದು ಮಾತು ಕೇಳಿರಲಿಲ್ಲ ಅನ್ನಿಸಿತು. ಬಾಣಲೆ ಈಗ ಕಪಾಟಿನ ಮೇಲೆ ಬೋರಲು ಬಿದ್ದಿದೆ.

ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಉಳಿದ ಕಾಲ ಮನೆ ಏನಾಗುತ್ತದೆ? ಬೇಕಾದರೆ ಇದನ್ನು ಬೇರೆಯಾಗಿ ಮಾರಲೂ ಬಹುದು. ಅದಕ್ಕೆ ರಾಜ್ಯದ 2023ರ ಕಾನೂನು ಅವಕಾಶ ಕೊಟ್ಟ ಮೇಲೆ ಮೊದಲು ದಾರಿ ಮಾಡಿದ ಊರು ಇದೇ. ಮಗನಿಗೆ ಮಾರುವ ಮನಸ್ಸಿಲ್ಲ, ಯಾರಾದರೂ ವಿದ್ಯಾರ್ಥಿಗೆ ಬಾಡಿಗೆಗೆ ಕೊಡುವ ಯೋಚನೆ.

“ನಾನಿಲ್ಲದಾಗ ನನ್ನ ಒಲೆ ಮೇಲೆ ಏನೇನು ಬೇಯ್ಸ್ತಾರೋ!” ಎಂದರು ಅಮ್ಮ.

“ಒಪ್ಪಂದದಲ್ಲೇ ಬರೆಸ್ತೀನಮ್ಮ, ಸಸ್ಯಾಹಾರಿಗಳಿಗೆ ಮಾತ್ರ ಅಂತ.”

“ಹಂಗಾದ್ರೆ ಈಗ್ಲೇ ಬರ್ಸು” ಎಂದು ಅವರು ಕಾಫಿಗೆ ಹಾಲಿಟ್ಟರು.