ಮುಟ್ಟದಿದ್ದರೂ ಬದಲಾಗುವ ಕಡತ

ಲ್ಯಾಬ್‌ವ್ಯೂ ತಂತ್ರಾಂಶದಲ್ಲಿ ರಚಿಸಿದ ಕ್ರಮವಿಧಿಯೊಂದನ್ನು ತೆರೆಯುತ್ತೀರಿ. ಏನನ್ನೂ ಮುಟ್ಟಿಲ್ಲ. ಆದರೂ ಶೀರ್ಷಿಕೆಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಮೂಡುತ್ತದೆ. ಮುಚ್ಚುವಾಗ ಸೇವ್ ಮಾಡಬೇಕೆ ಎಂಬ ಪ್ರಶ್ನೆ. ಪ್ರತಿಸಲವೂ ಹೀಗೇಕೆ?

1986ರಲ್ಲಿ ಬಂದ ಈ ತಂತ್ರಾಂಶದಲ್ಲಿ ಆದೇಶಗಳನ್ನು ಬರೆಯುವುದಿಲ್ಲ. ಚೌಕಗಳನ್ನು ತಂತಿಗಳಿಂದ ಜೋಡಿಸುತ್ತೇವೆ. ಆ ಚಿತ್ರ ತೆರೆಮರೆಯಲ್ಲಿ ಯಂತ್ರಭಾಷೆಗೆ ಕಂಪೈಲ್ ಆಗುತ್ತದೆ. ಹಳೆಯ ಕ್ರಮವಿಧಿಗಳಲ್ಲಿ ಎರಡೂ ಒಂದೇ ಕಡತದಲ್ಲಿರುತ್ತವೆ. ತೊಡಕಿನ ಮೂಲ ಇದೇ.

ಚನ್ನಪಟ್ಟಣದ ಗೊಂಬೆಗಾಡಿಯ ಅಚ್ಚಿನ ದಪ್ಪ ಬದಲಿಸಿದರೆ ಚಕ್ರದ ತೂತನ್ನೂ ಬದಲಿಸಬೇಕಷ್ಟೆ. ಹಾಗೆಯೇ ಒಂದು 'ಟೈಪ್ ಡೆಫ್' ಬದಲಾದರೆ ಅದನ್ನು ಬಳಸುವ ಎಲ್ಲವೂ ಮತ್ತೆ ಕಂಪೈಲ್ ಆಗಬೇಕು. ಇದು ನ್ಯಾಯವೇ, ಸೇವ್ ಮಾಡಿದರೆ ಮುಗಿಯಿತು.

ಮುಗಿಯದಿದ್ದರೆ? ವಿಐ ಪ್ರಾಪರ್ಟೀಸ್‌ನಲ್ಲಿ 'ಲಿಸ್ಟ್ ಅನ್‌ಸೇವ್ಡ್ ಚೇಂಜಸ್' ಒತ್ತಿರಿ. ಕಾರಣವನ್ನು ತಂತ್ರಾಂಶವೇ ಹೇಳುತ್ತದೆ. ಕಡತ ಹಳೆಯ ಆವೃತ್ತಿಯದಾಗಿದ್ದು 'ರೀಡ್ ಓನ್ಲಿ' ಆಗಿರಬಹುದು. ಅದೇ ಹೆಸರಿನ ಉಪಕ್ರಮವಿಧಿ ಬೇರೊಂದು ಫೋಲ್ಡರಿನಿಂದ ಬಂದು ಕೂತಿರಬಹುದು (ಪೆನ್‌ಡ್ರೈವ್ ನಕಲುಗಳ ಕೃಪೆ!). ಕಾಲೇಜಿನಲ್ಲಿ 32 ಬಿಟ್, ಮನೆಯಲ್ಲಿ 64 ಬಿಟ್ ಲ್ಯಾಬ್‌ವ್ಯೂ ಇದ್ದರಂತೂ ಪ್ರತಿ ಪಯಣಕ್ಕೂ ಒಂದು ಕಂಪೈಲ್. ಇದಕ್ಕೆ 2010ರ ಆವೃತ್ತಿಯಲ್ಲಿ ಪರಿಹಾರ ಬಂತು: 'ಸೆಪರೇಟ್ ಕಂಪೈಲ್ಡ್ ಕೋಡ್' ಆಯ್ಕೆ. ಆಗ ಯಂತ್ರಭಾಷೆ ಆಯಾ ಗಣಕದಲ್ಲೇ ಉಳಿಯುತ್ತದೆ, ಕಡತ ಕೆಡುವುದಿಲ್ಲ.

ಒಂದು ಎಚ್ಚರ. ಬೇಸತ್ತು ಹೊಸ ಆವೃತ್ತಿಯಲ್ಲಿ 'ಸೇವ್ ಆಲ್' ಒತ್ತಿದರೆ ಪ್ರಯೋಗಶಾಲೆಯ ಹಳೆಯ ಗಣಕದಲ್ಲಿ ಆ ಕಡತ ತೆರೆಯುವುದೇ ಇಲ್ಲ. ಮೊದಲು ಪ್ರತಿಯೊಂದನ್ನು ತೆಗೆದಿಡಿ. ಒತ್ತಿಯೇ ಬಿಟ್ಟಿದ್ದರೆ 'ಸೇವ್ ಫಾರ್ ಪ್ರೀವಿಯಸ್ ವರ್ಷನ್' ಬಳಸಿ.