ಅವ್ವನ ಬೆನ್ನು, 28 ದಿನದ ಪೆನ್ನು

ಅಕ್ಕಲಕೋಟ ತಾಲ್ಲೂಕಿನ ನಮ್ಮೂರಲ್ಲಿ ವಯಸ್ಸಾದ ಹೆಂಗಸರ ಬೆನ್ನು ಬಾಗುವುದು ಯಾರಿಗೂ ಸುದ್ದಿಯಲ್ಲ. ಕೊಡ ಹೊತ್ತು, ಕಳೆ ಕಿತ್ತು ಸೊಂಟ ಬಗ್ಗಿತು ಅಂತ ಹೇಳಿ ಸುಮ್ಮನಾಗುತ್ತಾರೆ. ನಾವೂ ಹಾಗೇ ಇದ್ದೆವು. ಅಡಿಗೆ ಮನೆಯ ಮೇಲಿನ ಗೂಡಿನಲ್ಲಿದ್ದ ಡಬ್ಬಿ ನಮ್ಮವ್ವನ ಕೈಗೆ ಸಿಗದಾದಾಗ, ಗೂಡು ಎತ್ತರಾಯ್ತೇನಬೇ ಅಂತ ನಕ್ಕೆವೇ ಹೊರತು, ಅವ್ವನೇ ಗಿಡ್ಡಾಗಿದ್ದಾಳೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

2022ರ ಬೇಸಿಗೆಯಲ್ಲಿ ಅರ್ಧ ಚೀಲ ಜೋಳ ಆಚೆ ಸರಿಸಲು ಹೋದಳು. ಬೆನ್ನಾಗ ಚಟ್ ಅಂತು ಅಂದಳು. ಎಣ್ಣೆ ತಿಕ್ಕಿದೆವು, ಬಿಸಿ ಇಟ್ಟಂಗಿ ಇಟ್ಟೆವು, ವಾಯು ಅಂತ ಗುಳಿಗೆ ಕೊಟ್ಟೆವು. ಹನ್ನೆರಡು ದಿನ ಮಗ್ಗಲು ಬದಲಿಸಲಿಕ್ಕೂ ಆಗದೆ ನರಳಿದ ಮೇಲೆ ಸೊಲ್ಲಾಪುರಕ್ಕೆ ಕರೆದೊಯ್ದೆ.

ಡಾಕ್ಟರ್ ಸಾಹೇಬರು ಎಕ್ಸ್‌ರೇ ನೋಡಿ ಮರಾಠಿಯಲ್ಲಿ, "ಹಾಡಂ ಠಿಸೂಳ ಝಾಲೀ ಆಹೇತ" ಅಂದರು. ನಮ್ಮವ್ವ ನನ್ನ ಮುಖ ನೋಡಿ, "ಹಾಡು ಯಾಕಂತೋ ತಮ್ಮಾ ಇಲ್ಲಿ?" ಅಂದಳು. ಡಾಕ್ಟರು ನಕ್ಕು ಕನ್ನಡಕ್ಕೆ ಬಂದರು. "ಹಾಡಲ್ಲಬೇ, ಎಲುಬು. ಎಲುಬು ಟೊಳ್ಳಾಗ್ಯಾವ. ಬೆನ್ನಿನ ಎರಡು ಮಣಿ ಕುಸಿದಾವ."

ಅವ್ವನಿಗೆ ಆಗ 63. ಮುಟ್ಟು ನಿಂತದ್ದು 44ಕ್ಕೆ. ಇದನ್ನು ಕೇಳುವ ಹೊತ್ತಿಗೆ ನಾನು ಕೋಣೆಯ ಹೊರಗೆ ಹೋಗಬೇಕೋ ಒಳಗಿರಬೇಕೋ ತಿಳಿಯದೆ ನೆಲ ನೋಡುತ್ತಿದ್ದೆ. ಆದರೆ ರೋಗದ ಬೇರು ಅಲ್ಲೇ ಇತ್ತು. ಎಲುಬು ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಒಳಗೆ ದಿನಾ ಒಂದು ಗುಂಪು ಕೆಡವುತ್ತದೆ, ಇನ್ನೊಂದು ಗುಂಪು ಕಟ್ಟುತ್ತದೆ. ಕೆಡವುವವರಿಗೆ ಲಗಾಮು ಹಾಕುವುದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ, ಕೆಡವುವ ಕೆಲಸವೇ ಮುಂದಾಗುತ್ತದೆ. ಡೆಕ್ಸಾ ಎಂಬ ಯಂತ್ರದಲ್ಲಿ ಮಲಗಿಸಿ ಎಲುಬಿನ ಸಾಂದ್ರತೆ ಅಳೆಯುತ್ತಾರೆ. ಮೈನಸ್ 2.5 ಇಲ್ಲವೇ ಅದಕ್ಕೂ ಕೆಳಗಿದ್ದರೆ ರೋಗ ಅಂತ ಲೆಕ್ಕ. ಅವ್ವನದು ಮೈನಸ್ 3.6 ಇತ್ತು.

ಈ ರೋಗದ ಬಹಳಷ್ಟು ಔಷಧಿಗಳು ಕೆಡವುವವರನ್ನು ತಡೆಯುತ್ತವೆ. ಅವ್ವನಿಗೆ ಬರೆದದ್ದು ಕಟ್ಟುವವರನ್ನು ಎಬ್ಬಿಸುವ ಔಷಧಿ, ಹೆಸರು ಟೆರಿಪ್ಯಾರಟೈಡ್. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಸಣ್ಣ ಗ್ರಂಥಿಗಳಿವೆಯಂತೆ. ಅವು ಬಿಡುವ ಹಾರ್ಮೋನಿನಲ್ಲಿ 84 ಕೊಂಡಿ, ಈ ಔಷಧಿ ಅದರ ಮೊದಲ 34 ಕೊಂಡಿಗಳ ತುಂಡು. ಆ ಹಾರ್ಮೋನು ರಕ್ತದಲ್ಲಿ ಸದಾ ಏರಿಯೇ ಇದ್ದರೆ ಎಲುಬು ಸವೆಯುತ್ತದೆ, ದಿನಕ್ಕೊಮ್ಮೆ ಚೂರೇ ಚೂರು ಕೊಟ್ಟರೆ ಎಲುಬು ಬೆಳೆಯುತ್ತದೆ. ನನಗೆ ಇದು ಇವತ್ತಿಗೂ ಸೋಜಿಗ. ದಿನಾ 20 ಮೈಕ್ರೋಗ್ರಾಂ, ತೊಡೆಗೆ ಇಲ್ಲವೇ ಹೊಟ್ಟೆಯ ಚರ್ಮದ ಕೆಳಗೆ, ಮನೆಯಲ್ಲೇ ಚುಚ್ಚಿಕೊಳ್ಳುವ ಪೆನ್ನು. ಎರಡು ವರ್ಷ.

ನಾನು ದುಧನಿ ಬಾಜಾರದಲ್ಲಿ ತೊಗರಿ ವ್ಯಾಪಾರ ಮಾಡುವವನು, ಲೆಕ್ಕದ ಮನುಷ್ಯ. ಒಂದು ಪೆನ್ನಿಗೆ ಒಂದು ಚೀಲ ತೊಗರಿಯ ಹತ್ತಿರದಷ್ಟು ಹಣ ಎಣಿಸಿದೆ. ಈ ಲೆಕ್ಕದ ಬುದ್ಧಿಯೇ ನಮ್ಮನ್ನು ಮೂರು ಸಲ ಎಡವಿಸಿತು. ನಮ್ಮಂಥ ಮನೆಗಳು ಗಡಿಯ ಈಚೆ ಆಚೆ ಎರಡೂ ಕಡೆ ಬೇಕಾದಷ್ಟು ಇವೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಫ್ರಿಜ್ಜಿನದು. ಅಂಗಡಿಯವನು ಥಂಡಾದಾಗ ಇಡ್ರೀ ಅಂದಿದ್ದ. ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ತಂದೆನಲ್ಲ, ಕೆಟ್ಟೀತು ಅಂತ ಹೆದರಿ ನೇರ ಮೇಲಿನ ಬರ್ಫದ ಖಾನೆಗೆ ಹಾಕಿದೆ. ಮರುದಿನ ಗಟ್ಟಿ ಕಲ್ಲು. ಕರಗಿಸಿ ಚುಚ್ಚೋಣವೆಂದರೆ ಡಾಕ್ಟರು ಫೋನಿನಲ್ಲೇ ಬೇಡ ಅಂದರು. ಹೆಪ್ಪುಗಟ್ಟಿದ ಮೇಲೆ ಅದು ಔಷಧಿಯಲ್ಲ, ಕರಗಿದರೂ ಅಲ್ಲ. ಒಂದು ಚೀಲ ತೊಗರಿ ಒಂದೇ ರಾತ್ರಿಗೆ ಹೋಯಿತು. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಹಾಲು ಮೊಸರು ಇಡುವ ನಡುವಿನ ಖಾನೆಯಲ್ಲಿ, ಹಿಂದಿನ ಗೋಡೆಗೆ ತಾಗದ ಹಾಗೆ. ಊರಿಂದ ತರುವಾಗ ಥರ್ಮಾಕೋಲ್ ಡಬ್ಬಿ, ಅದರೊಳಗೆ ಬರ್ಫದ ಪೊಟ್ಟಣ, ನಡುವೆ ಒಂದು ಮಡಿಚಿದ ಬಟ್ಟೆ. ಪೆನ್ನಿಗೆ ಬರ್ಫ ನೇರ ತಾಗಬಾರದು.

ಇನ್ನೊಂದು ಮಾತು. ಓಣಿಯಲ್ಲಿ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಪೆನ್ನು ಬಿಚ್ಚಿದ ಮೇಲೆ ಹೊರಗೇ ಇಟ್ಟುಕೊಳ್ಳುವುದನ್ನು ನೋಡಿದ್ದೇವೆ. ಇದು ಹಾಗಲ್ಲ. ಅವ್ವನ ಪೆನ್ನು ಬಳಕೆಗೆ ಬಿಚ್ಚಿದ ಮೇಲೂ ಫ್ರಿಜ್ಜಿನಲ್ಲೇ ಇರಬೇಕಿತ್ತು, ಚುಚ್ಚುವಷ್ಟು ಹೊತ್ತು ಮಾತ್ರ ಹೊರಗೆ. ಲೈಟು ಹೋದಾಗ ಫ್ರಿಜ್ಜಿನ ಬಾಗಿಲು ತೆಗೆಯಬಾರದು ಅಂತ ಮಕ್ಕಳಿಗೆ ತಾಕೀತು ಮಾಡಿದೆವು. ಕಂಪನಿಗೊಂದು ನಮೂನೆಯ ಪೆನ್ನು ಬರುತ್ತದೆ, ಒಳಗಿನ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಕಾಲೇಜಿಗೆ ಹೋಗುವ ಮಗಳನ್ನು ಕೂಡಿಸಿ ಪೂರ್ತಿ ಓದಿಸಿ ಕೇಳಿದೆ.

ಎರಡನೆಯ ತಪ್ಪು ನಮ್ಮಪ್ಪನದು. ಪೆನ್ನು 28 ದಿನಕ್ಕೆ. ಇಪ್ಪತ್ತೊಂಬತ್ತನೆಯ ದಿನ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಇನ್ನೂ ನೀರು ಕಾಣುತ್ತದೆ. "ಇನ್ನೂ ಎರಡು ದಿನಕ್ಕಾಗ್ತದ, ಚೆಲ್ಲೂದ್ಯಾಕ?" ಅಂದರು ಅಪ್ಪ. ತಪ್ಪೂ ಅನ್ನಲಾಗದು, ನಮ್ಮಲ್ಲಿ ಎಣ್ಣೆ ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿ ಕೊನೆಯ ಹನಿ ಇಳಿಸುವವರು ಅವರು. ಆದರೆ ಆ ಉಳಿಕೆ ಲೆಕ್ಕದಲ್ಲಿಲ್ಲದ್ದು, ತಯಾರಿಸುವವರೇ ಸ್ವಲ್ಪ ಹೆಚ್ಚಿಗೆ ತುಂಬಿರುತ್ತಾರೆ. 28 ದಿನ ದಾಟಿದ ಮೇಲೆ ಅದರ ಬಲಕ್ಕೂ ಶುದ್ಧಕ್ಕೂ ಯಾರೂ ಜವಾಬ್ದಾರಿ ಹೊರುವುದಿಲ್ಲ. ಮೊದಲ ಸೂಜಿಯ ತಾರೀಖನ್ನು ನಾನು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡತೊಡಗಿದೆ. ನೀರು ಕದಡಿದ್ದರೆ, ಬಣ್ಣ ಕಂಡರೆ, ಒಳಗೆ ಚೂರು ತೇಲಿದರೆ ತಾರೀಖು ನೋಡುವುದೇ ಬೇಡ, ಬಳಸಲೇಬಾರದು.

ಸೂಜಿ ದಿನಾ ಹೊಸದು. ಚುಚ್ಚಿದ ಮೇಲೆ ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಔಷಧಿ ಸೋರುತ್ತದೆ, ಗಾಳಿ ಸೇರುತ್ತದೆ. ನಮ್ಮ ಮನೆಯವಳು ಹಳೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬರಣಿಗೆ ಹಾಕಿ ಮುಚ್ಚಳ ತಿರುವಿ ಇಡುತ್ತಿದ್ದಳು, ತುಂಬಿದಾಗ ದವಾಖಾನೆಗೇ ಒಯ್ದು ಕೊಡುತ್ತಿದ್ದೆ. ಮೊದಲ ವಾರ ತಿಪ್ಪೆಗೆ ಎಸೆದಿದ್ದೆವು. ಅದೇ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಆಳು ಬರಿಗಾಲಲ್ಲಿ ತುಳಿಯುತ್ತಾನೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಿಜವಾಗಿ ಎದೆ ಝಲ್ಲೆಂದದ್ದು ಮೂರನೆಯ ದಿನ. ಬೆಳಗಿನ ಆರಕ್ಕೆ ಚುಚ್ಚಿಸಿಕೊಂಡು ಅವ್ವ ಹಿತ್ತಲಿಗೆ ನಡೆದಳು. ಹೊಸ್ತಿಲಲ್ಲಿ ಕಣ್ಣಿಗೆ ಕತ್ತಲೆ ಬಂತು. ಬಾಗಿಲ ಚೌಕಟ್ಟು ಹಿಡಿದದ್ದರಿಂದ ಬೀಳಲಿಲ್ಲ. ಆರಂಭದ ದಿನಗಳಲ್ಲಿ ಚುಚ್ಚಿದ ಮೇಲಿನ ಕೆಲವು ತಾಸು, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದುಂಟು. ಟೊಳ್ಳು ಎಲುಬಿನವರಿಗೆ ಬೀಳುವುದೇ ದೊಡ್ಡ ಗಂಡಾಂತರ. ಎಲುಬು ಕಟ್ಟುವ ಔಷಧಿ ತೆಗೆದುಕೊಂಡು ತೊಡೆಯ ಎಲುಬು ಮುರಿದುಕೊಂಡರೆ ಹೇಗೆ? ಅಂದಿನಿಂದ ರಾತ್ರಿ ಊಟದ ಮೇಲೆ, ಹೊರಸಿನ ಮೇಲೆ ಕೂತೇ ಚುಚ್ಚುವುದು, ತಲೆ ತಿರುಗಿದರೆ ಅಲ್ಲೇ ಮಲಗುವುದು. ರಾತ್ರಿ ಎದ್ದರೆ ಸೊಸೆಯನ್ನು ಕೂಗುವುದು.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆಂದು ಸೊಲ್ಲಾಪುರದ ಅತ್ತೆಯ ಮನೆಗೆ ಹೋದಾಗ ಎರಡು ದಿನ ತಪ್ಪಿತು. ಬಂದ ಮೇಲೆ ಒಂದೇ ದಿನ ಎರಡು ಕೊಡೋಣವೇ ಎಂದು ಕೇಳಿದ್ದಕ್ಕೆ ಡಾಕ್ಟರು ಗದರಿಸಿದರು. ತಪ್ಪಿದ್ದು ತಪ್ಪಿತು, ದಿನಕ್ಕೆ ಒಂದೇ. ಇದು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುವ ಔಷಧಿ. ಬಿಡದ ವಾಕರಿಕೆ, ವಾಂತಿ, ಮಲಬದ್ಧತೆ, ಮೈಯಲ್ಲಿ ತ್ರಾಣವಿಲ್ಲದಿರುವುದು ಕಂಡರೆ ಕ್ಯಾಲ್ಸಿಯಂ ಮಿತಿ ಮೀರಿರಬಹುದು, ತಡ ಮಾಡದೆ ತೋರಿಸಬೇಕು. ಕ್ಯಾಲ್ಸಿಯಂ ಗುಳಿಗೆ, ಡಿ ಜೀವಸತ್ವ ಡಾಕ್ಟರು ಬರೆದಷ್ಟೇ, ನಮ್ಮ ಕೈಯಿಂದ ಹೆಚ್ಚಿಗೆ ಸೇರಿಸುವಂತಿಲ್ಲ. ಮೂತ್ರದ ಹರಳು ಇದ್ದವರು, ಹೃದಯಕ್ಕೆ ಡಿಜಾಕ್ಸಿನ್ ಗುಳಿಗೆ ನುಂಗುವವರು ಮೊದಲೇ ಬಾಯಿಬಿಟ್ಟು ಹೇಳಬೇಕು.

ಅವ್ವನಿಗೆ ಗುಣ ಕಂಡದ್ದೇ ನಮ್ಮ ದೊಡ್ಡವ್ವ, ಅವ್ವನ ಅಕ್ಕ, "ನನಗೂ ಅದೇ ಸೂಜಿ ಕೊಡಿಸೋ" ಅಂತ ಗಂಟುಬಿದ್ದಳು. ಆಕೆಗೆ ಹಿಂದೆ ಎದೆಯ ಕ್ಯಾನ್ಸರಿಗೆ ಕರೆಂಟು ಕೊಟ್ಟಿದ್ದರು, ಅಂದರೆ ರೇಡಿಯೇಶನ್. ಎಲುಬಿಗೆ ತಾಗುವಂತೆ ಅದು ಆದವರಿಗೆ, ಎಲುಬಿನಲ್ಲಿ ಕ್ಯಾನ್ಸರ್ ಇದ್ದವರಿಗೆ ಈ ಔಷಧಿ ಕೊಡುವುದಿಲ್ಲ. ಆಕೆಗೆ ವರ್ಷಕ್ಕೊಮ್ಮೆ ಸಲಾಯಿನ್ ಹಾಗೆ ಏರಿಸುವ ಬೇರೆಯದನ್ನು, ಕಿಡ್ನಿ ತಪಾಸಣೆ ಮಾಡಿಯೇ ಕೊಟ್ಟರು. ಅಕ್ಕ ತಂಗಿಯರ ಬೆನ್ನು ಒಂದೇ ಥರ ನೋಯ್ದರೂ ಔಷಧಿ ಒಂದೇ ಆಗಲಿಲ್ಲ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಎಂಬುದೂ ಇದೆ. ಅದನ್ನು ಹಿಡಿದವರು ಸುಗ್ಗಿ, ಮದುವೆ ಅಂತ ಮುಂದೂಡಿದರೆ ಬೆನ್ನಿನ ಮಣಿಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ.

ಈ ನಡುವೆ ಬೀಗರೊಬ್ಬರು ಮೊಬೈಲಿನಲ್ಲಿ ಓದಿ, ಇದರಿಂದ ಎಲುಬಿನ ಕ್ಯಾನ್ಸರ್ ಬರುತ್ತದೆ ಅಂದುಬಿಟ್ಟರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕೇಳಿದಾಗ ಡಾಕ್ಟರು ವಿವರಿಸಿದರು. ಇಲಿಗಳಿಗೆ ಜೀವನದುದ್ದಕ್ಕೂ ಎನ್ನುವಷ್ಟು ಕಾಲ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಹಾಗಾಗಿತ್ತು. ಅದಕ್ಕೇ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಡುವಾಗ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದ್ದರು. ವರ್ಷಗಟ್ಟಲೆ ಗಮನಿಸಿದರೂ ಮನುಷ್ಯರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲವಾಗಿ 2020ರಲ್ಲಿ ಆ ಚೌಕಟ್ಟು ತೆಗೆದರು.

ಮೂರನೆಯ ತಪ್ಪು ಸ್ವಲ್ಪದರಲ್ಲೇ ಉಳಿಯಿತು. ಎಂಟು ತಿಂಗಳಿಗೆ ನೋವು ಇಳಿದು ಅವ್ವ ರೊಟ್ಟಿ ಬಡಿಯಲು ಕೂತಳು. ಸಾಕು, ಇನ್ನು ಪೆನ್ನು ತರುವುದು ಬೇಡ ಅಂತ ನಾನೇ ಅಂದೆ. ಹೇಳಿದೆನಲ್ಲ, ಲೆಕ್ಕದ ಮನುಷ್ಯ. "ನೋವು ಹೋದ್ರ ಎಲುಬು ತುಂಬ್ಯಾವ ಅಂತಲ್ಲ" ಅಂದರು ಡಾಕ್ಟರು. ಎರಡು ವರ್ಷ ಮುಗಿದ ಮೇಲೂ ಕೈಬಿಡುವಂತಿಲ್ಲ. ಈ ಔಷಧಿ ನಿಲ್ಲಿಸಿ ಸುಮ್ಮನಿದ್ದರೆ ಕಟ್ಟಿದ ಎಲುಬು ಮತ್ತೆ ಕರಗುತ್ತದೆ, ಬೆನ್ನಿಗೇ ಕೆಡವುವವರನ್ನು ತಡೆಯುವ ಔಷಧಿ ಶುರುವಾಗಬೇಕು.

ಅವ್ವನ ಕೊನೆಯ ಪೆನ್ನು 2024ರಲ್ಲಿ ಮುಗಿಯಿತು. ಈಗ ವಾರಕ್ಕೊಂದು ಗುಳಿಗೆ, ಗುರುವಾರ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ತುಂಬಿದ ತಂಬಿಗೆ ನೀರಿನ ಜೊತೆ. ಅದು ಅನ್ನನಾಳವನ್ನು ಸುಡದಿರಲೆಂದು ಅರ್ಧ ತಾಸು ನೆಟ್ಟಗೆ ಕೂಡಬೇಕು, ಮಲಗಬಾರದು, ಚಹಾ ಕೂಡ ಕುಡಿಯಬಾರದು. ಚಹಾ ಇಲ್ಲದ ಆ ಅರ್ಧ ತಾಸು ಕಟ್ಟೆಯ ಮೇಲೆ ಕೂತು ಹೋಗಿಬರುವವರ ಮುಂದೆಲ್ಲ ಡಾಕ್ಟರನ್ನು ಬೈಯುತ್ತಾಳೆ, ನಡುನಡುವೆ ಗಡಿಯಾರ ನೋಡುತ್ತಾಳೆ.