ಮೂರು ಓಟಿನಿಂದ ಐವತ್ತಾರು ಲಕ್ಷಕ್ಕೆ

ಮೊದಲು ಒಂದು ಲೆಕ್ಕ ಹೇಳ್ತೀನಿ, ಕೇಳಿ. 2022ರ ಜುಲೈ 20. ಶ್ರೀಲಂಕಾದ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಓಡಿಹೋಗಿ ರಾಜೀನಾಮೆ ಕಳಿಸಿದ್ದರು. ಖಾಲಿಯಾದ ಕುರ್ಚಿಗೆ ಸಂಸತ್ತಿನಲ್ಲೇ ಮತದಾನ ನಡೆಯಿತು. ರನಿಲ್ ವಿಕ್ರಮಸಿಂಘೆ ಅವರಿಗೆ 134 ಮತ. ಎರಡನೆಯವರಿಗೆ 82. ಮೂರನೆಯವರಿಗೆ ಎಷ್ಟು ಗೊತ್ತಾ? ಬರೀ 3!

ಆ ಮೂರನೆಯವರೇ ಅನುರ ಕುಮಾರ ದಿಸ್ಸಾನಾಯಕೆ. ಎರಡು ವರ್ಷ ಕಳೆದು, 2024ರ ಸೆಪ್ಟೆಂಬರ್ 21ರಂದು ಜನರೇ ನೇರವಾಗಿ ಮತ ಹಾಕಿದಾಗ ಅದೇ ಮನುಷ್ಯನಿಗೆ ಬಿದ್ದಿದ್ದು 56 ಲಕ್ಷಕ್ಕೂ ಹೆಚ್ಚು ಓಟು. 2019ರ ಚುನಾವಣೆಯಲ್ಲಿ ಶೇ. 3 ಚಿಲ್ಲರೆ ಪಡೆದಿದ್ದವರು ಈ ಸಲ ಶೇ. 42 ದಾಟಿದರು. ಇದು ಹೇಗಾಯ್ತು? ಇದರ ಹಿಂದೆ ಯಾರಿದ್ದಾರೆ?

ಉತ್ತರ ಬೇಕು ಅಂದ್ರೆ ಕೊಲಂಬೊದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. 2022ರಲ್ಲಿ ಅವಳಿಗೆ 16 ವರ್ಷ. ಆ ಮಾರ್ಚ್‌ನಲ್ಲಿ ಅವಳ ಪರೀಕ್ಷೆ ಮುಂದಕ್ಕೆ ಹೋಯಿತು. ಕಾರಣ, ಪ್ರಶ್ನೆಪತ್ರಿಕೆ ಅಚ್ಚು ಹಾಕೋಕೆ ಕಾಗದ ಇರಲಿಲ್ಲ. ತಮಾಷೆ ಅಲ್ಲ, ಆಮದು ಮಾಡಿಕೊಳ್ಳೋಕೆ ಡಾಲರ್ ಇರಲಿಲ್ಲ! ಅಪ್ಪ ರಾತ್ರಿಯಿಡೀ ಪೆಟ್ರೋಲ್ ಬಂಕ್ ಮುಂದೆ ಸಾಲಿನಲ್ಲಿ. ಅಮ್ಮ ಗ್ಯಾಸ್ ಸಿಲಿಂಡರ್ ಸಾಲಿನಲ್ಲಿ. ಮನೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟಿಲ್ಲ. ಅಣ್ಣ ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ. ಆ ಹುಡುಗಿಗೆ 18 ತುಂಬಿ ಕೈಗೆ ಮೊದಲ ಸಲ ಮತಪತ್ರ ಬಂದಿದ್ದು 2024ರಲ್ಲಿ. ಅವಳು ಯಾರಿಗೆ ಓಟು ಹಾಕ್ತಾಳೆ ಹೇಳಿ? ಈ ಸಾಲುಗಳಿಗೆ ಕಾರಣರಾದವರಿಗಂತೂ ಅಲ್ಲ.

ಕಾರಣಗಳೇನು? 2019ರ ಕೊನೆಯಲ್ಲಿ ಸರ್ಕಾರ ಜನರನ್ನು ಮೆಚ್ಚಿಸೋಕೆ ವ್ಯಾಟ್ ಅನ್ನು ಶೇ. 15ರಿಂದ 8ಕ್ಕೆ ಇಳಿಸಿತು. ಬೊಕ್ಕಸ ಬರಿದಾಯಿತು. ಕೋವಿಡ್ ಬಂತು, ಪ್ರವಾಸಿಗರು ನಿಂತರು. 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಷೇಧ. ಭತ್ತದ ಇಳುವರಿ ಕುಸಿಯಿತು, ಟೀ ತೋಟ ಸೊರಗಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಸರ್ಕಾರ ಕೈ ಎತ್ತಿತು. ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ. 70ರ ಹತ್ತಿರ. ಆಗ ಕೈ ಹಿಡಿದ ದೇಶ ಭಾರತ. ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು.

ಗಾಲೆ ಫೇಸ್ ಮೈದಾನದಲ್ಲಿ ಟೆಂಟ್ ಹಾಕಿ ತಿಂಗಳುಗಟ್ಟಲೆ ಕೂತ ಯುವಕರು ಜುಲೈ 9ರಂದು ಅಧ್ಯಕ್ಷರ ಮನೆಗೇ ನುಗ್ಗಿದರು. ಅಧ್ಯಕ್ಷನನ್ನು ಇಳಿಸಿದರು. ಆದರೆ ತಮಗೆ ಬೇಕಾದವರನ್ನು ಕೂರಿಸೋಕೆ ಅವರಿಂದ ಆಗಲಿಲ್ಲ. ಆಯ್ಕೆ ಮಾಡಿದ್ದು ಹಳೇ ಸಂಸತ್ತು, ಆಯ್ಕೆಯಾಗಿದ್ದು ಹಳೇ ಮುಖ. ಬೀದಿಗೆ ಕುರ್ಚಿ ಖಾಲಿ ಮಾಡಿಸೋ ಶಕ್ತಿ ಇತ್ತು, ತುಂಬಿಸೋ ಶಕ್ತಿ ಇರಲಿಲ್ಲ. ಅದಕ್ಕೆ ಓಟೇ ಬೇಕಾಯ್ತು, ಎರಡು ವರ್ಷ ಕಾಯಬೇಕಾಯ್ತು.

ಇಲ್ಲಿ ಇತಿಹಾಸದ ಒಂದು ಪುಟ ತಿರುಗಿಸಲೇಬೇಕು. ಅನುರ ಅವರ ಪಕ್ಷ ಜೆವಿಪಿ, ಅಂದ್ರೆ ಜನತಾ ವಿಮುಕ್ತಿ ಪೆರಮುನ. ಅದನ್ನು ಕಟ್ಟಿದವರು ರೋಹಣ ವಿಜೆವೀರ. ಉಚಿತ ಶಿಕ್ಷಣ ಪಡೆದು, ಸಿಂಹಳದಲ್ಲೇ ಓದಿ, ಕೆಲಸ ಸಿಗದೆ ಕೂತಿದ್ದ ಹಳ್ಳಿ ಹುಡುಗರು 1971ರಲ್ಲಿ ಈ ಪಕ್ಷದ ಹೆಸರಲ್ಲಿ ಬಂದೂಕು ಹಿಡಿದರು. ಸಾವಿರಾರು ಜನ ಸತ್ತರು. 1987ರಿಂದ 89ರವರೆಗೆ ಮತ್ತೆ ಬಂದೂಕು. ಈ ಸಲ ಸತ್ತವರು ಹತ್ತಾರು ಸಾವಿರ. ಜೆವಿಪಿಯೂ ಕೊಂದಿತು, ಸರ್ಕಾರವೂ ಕೊಂದಿತು. ವಿಜೆವೀರ ಕೂಡ ಉಳಿಯಲಿಲ್ಲ. ಈ ದ್ವೀಪದಲ್ಲಿ ಯುವಕರ ಆಸೆ ಎರಡು ಸಲ ಸ್ಮಶಾನ ಸೇರಿದೆ. ಮೂರನೇ ಸಲ ಅದು ಮತಪೆಟ್ಟಿಗೆಗೆ ಬಂದಿದೆ. ಹಾಗಾಗಿಯೇ ಈ ಚುನಾವಣೆಯನ್ನು ಮಾಮೂಲಿ ಸೋಲು ಗೆಲುವು ಅಂತ ನೋಡಬೇಡಿ.

ಗೆಲುವಿನಲ್ಲೂ ಒಂದು ಎಚ್ಚರಿಕೆ ಇತ್ತು. ಶ್ರೀಲಂಕಾದಲ್ಲಿ ಗೆಲ್ಲೋಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಮತದಾರ ತನ್ನ ಮೊದಲ ಆಯ್ಕೆ ಜೊತೆಗೆ ಎರಡನೇ, ಮೂರನೇ ಆಯ್ಕೆಯನ್ನೂ ಗುರುತು ಮಾಡಬಹುದು. ಯಾರಿಗೂ ಅರ್ಧ ಬರದಿದ್ದರೆ ಮೊದಲ ಇಬ್ಬರನ್ನು ಮಾತ್ರ ಇಟ್ಟುಕೊಂಡು, ಉಳಿದವರ ಮತಪತ್ರಗಳಲ್ಲಿ ಆ ಇಬ್ಬರಿಗೆ ಬಂದ ಆಯ್ಕೆಗಳನ್ನು ಕೂಡಿಸ್ತಾರೆ. ಹೀಗೆ ಎರಡನೇ ಸುತ್ತಿನ ಎಣಿಕೆ ಆಗಿದ್ದು ಆ ದೇಶದ ಚರಿತ್ರೆಯಲ್ಲೇ ಮೊದಲು. ಅರ್ಥ ಏನು? ಅರ್ಧಕ್ಕಿಂತ ಹೆಚ್ಚು ಜನರ ಮೊದಲ ಆಯ್ಕೆ ಅನುರ ಆಗಿರಲಿಲ್ಲ. ಉತ್ತರದ ತಮಿಳರಂತೂ ಅವರನ್ನು ನಂಬಲೇ ಇಲ್ಲ.

ಆದರೆ ನವೆಂಬರ್ 14ರ ಸಂಸತ್ ಚುನಾವಣೆ ನೋಡಿ. ಅನುರ ಅವರ ಎನ್‌ಪಿಪಿ ಮೈತ್ರಿಗೆ 225ರಲ್ಲಿ 159 ಸ್ಥಾನ! ಜಾಫ್ನಾ ಜಿಲ್ಲೆಯಲ್ಲೇ ಆರರಲ್ಲಿ ಮೂರು. ಎರಡೇ ತಿಂಗಳಲ್ಲಿ ಅನುಮಾನ ನಿರೀಕ್ಷೆಯಾಗಿ ತಿರುಗಿತು. ನಿರೀಕ್ಷೆ ಇಷ್ಟು ದೊಡ್ಡದಾದರೆ ಭಯವೂ ಆಗುತ್ತೆ ಸ್ವಾಮಿ.

ಯಾಕೆ ಭಯ? ಹೊಸ ಅಧ್ಯಕ್ಷರ ಕೈ ಅರ್ಧ ಕಟ್ಟಿದೆ. 2023ರಲ್ಲಿ ಹಿಂದಿನ ಸರ್ಕಾರ ಐಎಂಎಫ್ ಜೊತೆ ಸುಮಾರು 300 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿದೆ. ಆ ಸಾಲದ ಜೊತೆ ಷರತ್ತುಗಳೂ ಬಂದಿವೆ. ಆದಾಯ ಹೆಚ್ಚಿಸಿ, ಖರ್ಚು ಇಳಿಸಿ ಅಂತ. ವ್ಯಾಟ್ ಈಗ ಶೇ. 18. ಅದನ್ನು ಮತ್ತೆ 8ಕ್ಕೆ ಇಳಿಸಿದರೆ 2019ರ ತಪ್ಪೇ ಮರುಕಳಿಸುತ್ತೆ. ಇಳಿಸದಿದ್ದರೆ ಓಟು ಹಾಕಿದವರು ಕೇಳ್ತಾರೆ, "ಏನು ಬದಲಾಯ್ತು?" ನಾನೇನು ಮಾಂತ್ರಿಕನಲ್ಲ ಅಂತ ಅನುರ ಅವರೇ ಹೇಳಿದ್ದಾರೆ. ಸತ್ಯ ಹೇಳಿದ್ದಾರೆ, ಸಂತೋಷ. ಆದರೆ ಹಸಿದವನಿಗೆ ಸತ್ಯ ಎಷ್ಟು ದಿನ ಸಾಕಾಗುತ್ತೆ?

ದುಡ್ಡಿನ ವಿಷಯದಲ್ಲಿ ಕೈ ಕಟ್ಟಿದೆ, ಒಪ್ಪೋಣ. ದುಡ್ಡು ಬೇಡದ ಮಾತೂ ಒಂದಿದೆ. 1978ರಿಂದ ಶ್ರೀಲಂಕಾದಲ್ಲಿ ಅಧ್ಯಕ್ಷರೊಬ್ಬರ ಕೈಯಲ್ಲೇ ಅಪಾರ ಅಧಿಕಾರ. ಅದನ್ನು ತೆಗೆದುಹಾಕ್ತೀನಿ ಅಂತ 1994ರಲ್ಲಿ ಚಂದ್ರಿಕಾ ಕುಮಾರತುಂಗ ಹೇಳಿದ್ದರು. ನಂತರ ಮಹಿಂದ ರಾಜಪಕ್ಸ, ಆಮೇಲೆ ಮೈತ್ರಿಪಾಲ ಸಿರಿಸೇನ ಕೂಡ ಹೇಳಿದ್ದರು. ಕುರ್ಚಿ ಮೇಲೆ ಕೂತ ಮೇಲೆ ಕುರ್ಚಿ ಯಾರಿಗೆ ಭಾರ? ಅನುರ ಕೂಡ ಅದೇ ಮಾತು ಕೊಟ್ಟಿದ್ದಾರೆ. ವ್ಯತ್ಯಾಸ ಇಷ್ಟೇ, ಅವರ ಹತ್ತಿರ ಸಂಸತ್ತಿನ ಮೂರನೇ ಎರಡರಷ್ಟು ಬಲ ಇದೆ. ಸಂಸತ್ತು ಬಿಡಲಿಲ್ಲ ಅಂತ ಹೇಳೋ ಹಾಗಿಲ್ಲ.

ಆ 18ರ ಹುಡುಗಿ ಕೇಳ್ತಿರೋದು ಸ್ವರ್ಗ ಅಲ್ಲ. ಅಣ್ಣ ನಿಂತ ಪಾಸ್‌ಪೋರ್ಟ್ ಸಾಲಿನಲ್ಲಿ ತಾನೂ ನಿಲ್ಲದೆ, ತನ್ನೂರಲ್ಲೇ ಓದಿ, ತನ್ನೂರಲ್ಲೇ ಒಂದು ಕೆಲಸ ಹಿಡಿಯೋ ಹಾಗಾಗಲಿ ಅಂತ ಕೇಳ್ತಿದ್ದಾಳೆ. ಅವಳ ತಾತನ ಕಾಲದ ಹುಡುಗರು 1971ರಲ್ಲಿ ಕೇಳಿದ್ದೂ ಇದನ್ನೇ. ಅವರಿಗೆ ಉತ್ತರ ಸಿಗಲಿಲ್ಲ. ಇವಳಿಗೆ ಸಿಗುತ್ತಾ? ಅದೇ ಹುಡುಗರ ಪಕ್ಷ ಈಗ ಉತ್ತರ ಕೊಡೋ ಜಾಗದಲ್ಲಿ ಕೂತಿದೆ.